ಹೋದ ವರ್ಷದ್ದು

"ನನಗ ಈ ಹೋದ ವರ್ಷದ್ದೇ ಇರಲಿ" ಎಂದು ಹೀರಾಬಾಯಿ ಹೊಸ ಫೋನನ್ನು ಗಾಜಿನ ಕಪಾಟಿನ ಮೇಲೆ ಒಂದೇ ಬೆರಳಿನಿಂದ ಹಿಂದಕ್ಕೆ ಸರಿಸಿದಳು. ಪಕ್ಕದಲ್ಲಿ ನಿಂತಿದ್ದ ತಂಗಿ ಶಾಂಭವಿಯ ಮುಖ ಸಣ್ಣದಾಯಿತು.

ಜೇವರ್ಗಿಯ ಹೈಸ್ಕೂಲಿನಿಂದ ಮೊನ್ನೆ ಮೊನ್ನೆ ನಿವೃತ್ತಳಾಗಿದ್ದ ಶಾಂಭವಿ, ಮಣ್ಣೂರಿನಲ್ಲಿರುವ ಅಕ್ಕನನ್ನು ಅಫಜಲಪುರಕ್ಕೆ ಕರೆಸಿಕೊಂಡದ್ದೇ ಇದಕ್ಕಾಗಿ. ಅಕ್ಕನ ಫೋನನ್ನು ಎಮ್ಮೆ ತುಳಿದಿತ್ತು. ಹೊಚ್ಚ ಹೊಸದೊಂದನ್ನು ತನ್ನ ಕೈಯಾರೆ ಕೊಡಿಸಬೇಕು, ಡಬ್ಬಿಯ ಮೇಲಿನ ಪ್ಲಾಸ್ಟಿಕ್ಕನ್ನು ಅಕ್ಕನಿಂದಲೇ ಬಿಡಿಸಬೇಕು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು.

"ಎರಡರಾಗೂ ಭಾಳ ಫರಕ್ ಇಲ್ರಿ ಅಕ್ಕಾರ" ಎಂದ ಅಂಗಡಿಯ ಶಹಬಾಜ. "ಇದು ಈಗ ಬಂದದ್ದು, ಕ್ಯಾಮೆರಾ ಒಂಚೂರು ಚಲೋ ಅದ. ಹೊಸಾದು ಬಂತಂತ ಆ ಹೋದ ವರ್ಷದ್ದು ಡಿಸ್ಕೌಂಟಿಗೆ ಬಿತ್ತು, ಅಷ್ಟ."

"ರೊಕ್ಕದ ಮಾರಿ ನೋಡಬ್ಯಾಡ ಅಕ್ಕಾ. ಕೊಡಸಾಕಿ ನಾನು."

"ರೊಕ್ಕದ ಮಾತಲ್ಲ ಬಿಡು."

"ಮತ್ತೇನು? ನನ್ನ ಕೈಯಿಂದ ಹೊಸಾದು ತಗೋಳಾಕ ಮನಸಿಲ್ಲೇನು?" ಶಾಂಭವಿಯ ದನಿ ಏರಿತು. "ಜಲ್ಮದಾಗ ಒಮ್ಮೆನೂ ಹಳೀದು ಮುಟ್ಟಿದಾಕಿ ಅಲ್ಲ ನೀ. ಹೊಸಾ ಲಂಗ ನಿನಗ, ಹೋದ ವರ್ಷದ್ದು ನನಗ. ಹೊಸಾ ಪುಸ್ತಕ ನಿನಗ, ನೀ ಓದಿ ಬಿಟ್ಟದ್ದು ನನಗ. ಇವತ್ತ ನಾನ ಹೊಸಾದು ಕೊಡಸ್ತೇನಿ ಅಂದ್ರ, ನಿನಗ ಹೋದ ವರ್ಷದ್ದು ಬೇಕಾತು?"

ಶಹಬಾಜ ಸುಮ್ಮನೆ ಬೇರೆ ಕಡೆ ತಿರುಗಿ ಚಾರ್ಜರುಗಳನ್ನು ಜೋಡಿಸತೊಡಗಿದ. ಹೀರಾಬಾಯಿ ಸ್ಟೂಲನ್ನು ಎಳೆದುಕೊಂಡು ಕುಳಿತಳು. ಆಳಂದದ ತವರುಮನೆಗೆ ಪ್ರತಿ ಪಂಚಮಿಗೂ ಅಪ್ಪ ಜಗದೇವಪ್ಪ ಒಂದೇ ಒಂದು ಲಂಗದ ಬಟ್ಟೆ ತರುತ್ತಿದ್ದದ್ದು ಇಬ್ಬರಿಗೂ ಈಗ ಒಟ್ಟಿಗೇ ನೆನಪಾಗಿತ್ತು. ಓಣಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಖಾಸೀಂಬಿ ಅದನ್ನು ಅಕ್ಕನ ಅಳತೆಗೆ ಹೊಲಿಯುವಳು; ಮರುವರ್ಷ ಅದೇ ಲಂಗದ ಅಂಚು ಮಡಚಿ ತಂಗಿಯ ಅಳತೆಗೆ.

"ಹಸರು ಲಂಗ ನೆನಪದ ಏನು? ಕೆಂಪು ಅಂಚಿಂದು?"

"ಮರೀತೇನೇನು? ಬೇವಿನ ಗಿಡದಿಂದ ಬಿದ್ದು ಹರಕೊಂಡಿದ್ದೆ."

"ಅದು ನಿನ್ನ ಪಾಳಿ ಬಂದಾಗ. ಅದರ ಹಿಂದಿನ ವರ್ಷ ನಾ ಹಾಕ್ಕೊಂಡಿದ್ದೆ. ಓಣಿ ಹುಡುಗ್ಯಾರೆಲ್ಲಾ ಜೋಕಾಲಿ ಆಡಾಕತ್ತಿದ್ರು. ನಾ ಬಾಗಲದಾಗ ನಿಂತಿದ್ದೆ. ಹಗ್ಗದ ಕಲೆ ಹತ್ತತದ, ಮುಂದಿನ ವರ್ಷ ತಂಗಿಗೆ ಬೇಕು, ಏರಬ್ಯಾಡ ಅಂದಿದ್ಲು ಅವ್ವ. ಪಂಚಮಿ ಉಂಡಿ ಸೈತ ಕೈ ದೂರ ಹಿಡಕೊಂಡು ತಿಂತಿದ್ದೆ, ತುಪ್ಪ ಬೀಳ್ತದಂತ." ಹೀರಾಬಾಯಿ ನಕ್ಕಳು. "ಹೊಸಾದು ಅಂತ ಅಂತಿ. ಅದು ಮೊದಲಿಂದನೂ ನಿಂದೇ ಇತ್ತು ಬೇ. ನಾ ಒಂದು ವರ್ಷ ಕಾಯ್ದಾಕಿ ಅಷ್ಟ."

ಶಾಂಭವಿ ಇನ್ನೊಂದು ಸ್ಟೂಲು ಎಳೆದುಕೊಂಡು ಅಕ್ಕನ ಎದುರು ಕುಳಿತಳು.

"ನೀ ಅದನ್ನ ಹಾಕ್ಕೊಂಡು ಗಿಡ ಏರಿದಿ, ಕೆಸರಾಗ ಇಳದಿ. ಯಾರೂ ಏನೂ ಅನಲಿಲ್ಲ. ನಿನ್ನ ಹಿಂದ ಯಾರಿದ್ರು ಹಾಕ್ಕೊಳಾಕ? ಹೊಸಾದು ಕೈಯಾಗ ಬಂದ್ರ ಇವತ್ತಿಗೂ ನನಗ ಅವ್ವನ ದನಿ ಕೇಳಸ್ತದ. ಮದುವಿ ಸೀರಿ ಸೈತ ಹಂಗೇ ಟ್ರಂಕಿನಾಗ ಅದ, ಖರೇ ಹೇಳ್ತೇನಿ. ಒಂದರ ಹಳೀದು ನನ್ನ ಕೈಯಾಗ ಇರಲಿ."

ಶಾಂಭವಿಗೆ ಆ ಲಂಗಗಳ ವಾಸನೆ ಮೂಗಿಗೆ ಬಂದಂತಾಯಿತು. ಅವಳ ಪಾಲಿಗೆ ಬರುವಾಗ ಅವುಗಳಿಗೆ ಹೊಸ ಬಟ್ಟೆಯ ಗಂಜಿಯ ವಾಸನೆ ಇರುತ್ತಿರಲಿಲ್ಲ. ಒಣಗಿದ ಬೇವಿನೆಲೆಯದು, ಅಕ್ಕ ತಲೆಗೆ ಹಚ್ಚುತ್ತಿದ್ದ ಕೊಬ್ಬರಿ ಎಣ್ಣೆಯದು. ಆ ವಾಸನೆಗೇ ಅತ್ತು ರಂಪ ಮಾಡಿ, ಒಂದು ಪಂಚಮಿ ಇಡೀ ಉಣ್ಣದೆ ಕುಳಿತಿದ್ದಳು. ಅಂದು ಅವ್ವನಿಗೆ ಕಾಣದ ಹಾಗೆ ಅಕ್ಕನೇ ಬಂದು ಬಾಯಿಗೆ ಉಂಡಿ ತುರುಕಿದ್ದಳು. ಲಂಗ ಒಂದಿಷ್ಟೂ ಮಾಸದಂತೆ ಹೇಗೆ ಇರುತ್ತಿತ್ತು ಎಂದು ಮಾತ್ರ ಒಮ್ಮೆಯೂ ಯೋಚಿಸಿರಲಿಲ್ಲ. ಈಗ ಆ ವಾಸನೆ ಯಾವ ಅಂಗಡಿಯಲ್ಲಿ ಸಿಕ್ಕೀತು? ಅವ್ವನೂ ಇಲ್ಲ, ಖಾಸೀಂಬಿಯೂ ಇಲ್ಲ.

"ಹೋದ ವರ್ಷದ್ದೇ ಕೊಡ್ರಿ" ಎಂದಳು ಶಹಬಾಜನಿಗೆ.

ಬಸ್‌ಸ್ಟ್ಯಾಂಡಿಗೆ ಬಂದರೆ ಮಣ್ಣೂರಿನ ಬಸ್ಸು ಇನ್ನೂ ಬಂದಿರಲಿಲ್ಲ. ಗಾಡಿಯವನ ಹತ್ತಿರ ಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಕಟ್ಟೆಯ ಮೇಲೆ ಕುಳಿತರು. ಶಾಂಭವಿ ಬಾಯಿ ತುಂಬ ಭಜಿ ತುಂಬಿಕೊಂಡು ಖಾರಕ್ಕೆ ಹಾ ಹಾ ಎನ್ನುತ್ತಿದ್ದಾಗ, ಹೀರಾಬಾಯಿ ಅದೇ ಎಣ್ಣೆಗೈಯಲ್ಲಿ ಫೋನು ಎತ್ತಿ ಫೋಟೋ ತೆಗೆದೇ ಬಿಟ್ಟಳು. ಗಾಜಿನ ಮೇಲೆ ಹಳದಿ ಬೆರಳಚ್ಚು ಮೂಡಿತು.

"ಅಯ್ಯ, ಕೊಡಿಲ್ಲೆ ಅಕ್ಕಾ, ಒರಸ್ತೇನಿ" ಎಂದು ಶಾಂಭವಿ ಸೆರಗಿನ ತುದಿ ಹಿಡಿದು ಕೈ ಚಾಚಿದಳು.

"ಕೊಡೂದಿಲ್ಲ!"

ಅರವತ್ತು ದಾಟಿದ ಹೀರಾಬಾಯಿ ಫೋನನ್ನು ಎದೆಗೆ ಒತ್ತಿಕೊಂಡು ಎದ್ದವಳೇ, ಚಪ್ಪಲಿಯನ್ನು ಅಲ್ಲೇ ಬಿಟ್ಟು, ನಿಂತ ಬಸ್ಸುಗಳ ನಡುವೆ ಬರಿಗಾಲಲ್ಲಿ ಓಡತೊಡಗಿದಳು.