ಗುಡವಿಯ ಕಡೇ ಬಸ್ಸು

ಬಸ್ಸು ಗುಡವಿ ಬಿಟ್ಟು ಎರಡು ಮೈಲಿ ಬಂದ ಮೇಲೆ ಕಂಡಕ್ಟರು ಹತ್ತಿರ ಬಂದು, "ಎಲ್ಲಿಗೆ ಅಜ್ಜಾರೆ?" ಎಂದ. ಧರ್ಮಪ್ಪನವರು ಪಕ್ಕದ ಸೀಟಿಗೆ ಹಾಸಿದ ಟವೆಲ್ಲಿನ ಮೇಲಿಂದ ಕೈ ತೆಗೆಯದೆ, "ಸೊರಬಕ್ಕೆ ಎರಡು ಕೊಡಪ್ಪ. ಇನ್ನೊಬ್ರು ಹಿಂದೆ ಇದಾರೆ, ಸಾಬ್ರು" ಎಂದರು. ಕಂಡಕ್ಟರು ಹಿಂದೆ ನೋಡಿದ. ಅವರೂ ತಿರುಗಿದರು. ಕೋಳಿಬುಟ್ಟಿ ತಬ್ಬಿಕೊಂಡ ಒಬ್ಬ ಹೆಂಗಸು, ಎಲೆಯಡಿಕೆ ಮೆಲ್ಲುತ್ತಿದ್ದ ಇಬ್ಬರು ರೈತರು. ಗುಲಾಬ್ ಸಾಬರು ಇರಲಿಲ್ಲ.

"ಗುಡವೀಲಿ ಬೆಲ್ ಹೊಡ್ದಿದ್ದು ಯಾರ್ರೀ? ನಾನು ಮುಂದೆ ಟಿಕೀಟು ಹರೀತಿದ್ದೆ."

ಧರ್ಮಪ್ಪನವರು ತಮ್ಮ ಬಲಗೈ ನೋಡಿಕೊಂಡರು. ತಲೆಯ ಮೇಲೆ ಬಸ್ಸಿನ ಉದ್ದಕ್ಕೂ ಬೆಲ್ಲಿನ ಹಗ್ಗ. ಒಂದು ಸಲ ಎಳೆದರೆ ನಿಲ್ಲು, ಎರಡು ಸಲ ಎಳೆದರೆ ಹೊರಡು. ದಾವಣಗೆರೆ-ಸೊರಬದ ದಾರಿಯಲ್ಲಿ ಮೂವತ್ತೊಂದು ವರ್ಷ ಕಂಡಕ್ಟರಾಗಿ ಆ ಹಗ್ಗ ಎಳೆದ ಕೈ ಅದು. ಹಿಂದೆ ಯಾರೋ ಬಾಗಿಲು ಎಳೆದುಕೊಂಡ ಸದ್ದಾದದ್ದೇ ತಡ, ಒಡೆಯನನ್ನು ಕೇಳದೆ ಮೇಲೆದ್ದು ಎರಡು ಸಲ ಎಳೆದುಬಿಟ್ಟಿತ್ತು. ನಿವೃತ್ತಿಯ ಕಾಗದ ಬಂದು ವರ್ಷ ಕಳೆದಿದ್ದರೂ ಕೈಗೆ ಅದನ್ನು ಯಾರೂ ಓದಿ ಹೇಳಿರಲಿಲ್ಲ.

"ನಿಲ್ಸಪ್ಪ, ಇಳೀತೀನಿ" ಎಂದು ಎದ್ದರು.

"ಈ ಮಂಡಿ ಇಟ್ಕಂಡು ಎರಡು ಮೈಲಿ ನಡೀತೀರಾ? ಹನೀತೈತೆ ಬೇರೆ. ಸಾಬ್ರೇನು ಕೂಸಾ? ಯಾರ ಮನೇಲಾರ ಉಳ್ಕಂಡು ಬೆಳಿಗ್ಗೆ ಬರ್ತಾರೆ, ಕುಂತ್ಕಳ್ರಿ."

ಹಗ್ಗ ತಲೆಯ ಮೇಲೇ ತೂಗುತ್ತಿತ್ತು. ಒಂದು ಸಲ ಎಳೆದಿದ್ದರೆ ಸಾಕಿತ್ತು. ಧರ್ಮಪ್ಪನವರು ಕೂತರು.

ಹೆಂಡತಿ ಶಿವನ ಪಾದ ಸೇರಿದ ಮೇಲೆ ಅವರು ದಾವಣಗೆರೆ ಬಿಟ್ಟು ಸೊರಬಕ್ಕೆ ಬಂದು ನೆಲೆಸಿದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಬಳ್ಳಿಗಾವಿ, ತೊಗರ್ಸಿ ಎಂದು ಸಾವಿರ ಸಲ ಕೂಗಿ ಜನರನ್ನು ಇಳಿಸಿದ್ದರು; ತಾವು ಒಮ್ಮೆಯೂ ಇಳಿದಿರಲಿಲ್ಲ. ಸಾಯುವ ಮೊದಲು ಇಳಿಯಬೇಕು ಅನ್ನಿಸಿತ್ತು, ಅಷ್ಟೆ. ಬಾಡಿಗೆ ಕೋಣೆಯ ಎದುರಿಗೆ ಗುಲಾಬ್ ಸಾಬರ ಹಾಸಿಗೆ ಅಂಗಡಿ. ಹತ್ತಿ ಹಿಂಜುವ ಬಿಲ್ಲನ್ನು ಕೆಳಗಿಟ್ಟು ಅವರೇ ಕೇಳಿದ್ದರು: "ಊರಿಗೆಲ್ಲ ಮಲಗಾಕೆ ಹಾಸಿಗೆ ಹೊಲ್ದೆ, ನಾನು ಮಾತ್ರ ಈ ಬೀದಿ ಬಿಟ್ಟು ಎದ್ದಿಲ್ಲ. ನನ್ನೂ ಕರ್ಕಂಡು ಹೋಗ್ರಿ ಕಂಡಕ್ಟರ್ರೆ." ಅಂದಿನಿಂದ ಸೋಮವಾರಕ್ಕೊಂದು ಊರು. ಬಳ್ಳಿಗಾವಿಯ ಗುಡಿಯ ನುಣುಪು ಕಂಬದಲ್ಲಿ ತಂತಮ್ಮ ಮುಖ ಹುಡುಕಿ, ಯಾರು ಚೆಂದ ಎಂದು ಜಗಳವಾಡಿದ್ದಾಯಿತು. ತೊಗರ್ಸಿಯಲ್ಲಿ ಧರ್ಮಪ್ಪನವರು ಮಲ್ಲಿಕಾರ್ಜುನನಿಗೆ ಕೈಮುಗಿದು ಬರುವ ತನಕ ಸಾಬರು ಚಪ್ಪಲಿ ಕಾದು, "ಕಾವಲಿನ ಕೂಲಿ" ಎಂದು ಪ್ರಸಾದದ ಕೊಬ್ಬರಿಯಲ್ಲಿ ದೊಡ್ಡ ಚೂರನ್ನೇ ಎತ್ತಿಕೊಂಡಿದ್ದರು. ಆದರೆ ಎಲ್ಲಿ ಹೋದರೂ ಸಂಜೆಯ ಕಡೇ ಬಸ್ಸಿಗೆ ಏಳಬೇಕು. ಹಕ್ಕಿ ನೋಡಲೆಂದು ಹೋದ ಗುಡವಿಯಲ್ಲೂ ಅಷ್ಟೆ, ಮೇಯಲು ಹೋದ ಹಕ್ಕಿಗಳು ಕೆರೆಗೆ ಮರಳುವ ಮೊದಲೇ ಬಸ್ಸು ಬಂದಿತ್ತು.

ಸಾಬರು ಯಾರ ಮನೆಯಲ್ಲೂ ಉಳಿಯಲಿಲ್ಲ. ಮನೆಯಲ್ಲಿ ಹೆಂಡತಿ ಕುಬ್ರಾ ಬೀ ಗಾಬರಿಯಾಗುತ್ತಾಳೆಂದು ಹನಿಯಲ್ಲೇ ಸೊರಬದ ದಾರಿ ಹಿಡಿದರು. ನೆನೆದು ನಡುಗುತ್ತಿದ್ದವರನ್ನು ಕುರಿ ಕಾಯುವ ಉಜ್ಜಪ್ಪ ಕಂಡು, ಕಂಬಳಿ ಹೊದಿಸಿ, ಬೆಳಿಗ್ಗೆ ಗಾಡಿಯಲ್ಲಿ ತಂದು ಮನೆ ಮುಟ್ಟಿಸಿದ. ನಲವತ್ತು ವರ್ಷ ಹತ್ತಿಯ ಧೂಳು ಕುಡಿದ ಎದೆ. ಮೂರನೆಯ ದಿನಕ್ಕೆ ಸಾಬರು ಹಾಸಿಗೆ ಬಿಟ್ಟು ಏಳದಾದರು.

ಧರ್ಮಪ್ಪನವರು ಪಕ್ಕದಲ್ಲಿ ತಲೆ ತಗ್ಗಿಸಿ ಕೂತರು. "ಬೆಲ್ ಹೊಡ್ದಿದ್ದು ನಾನೇ ಸಾಬ್ರೆ."

"ಗೊತ್ತೈತೆ. ಎರಡು ಪೆಟ್ಟು ಅಷ್ಟು ಸಮ ಹೊಡೆಯೋರು ಈ ಕಡೆ ಇನ್ಯಾರದಾರೆ?" ಸಾಬರು ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಂತ ಮೇಲೆ ಹೇಳಿದರು: "ಮೆಟ್ಲ ಮೇಲೆ ಒಂದು ಕಾಲು ಇಟ್ಟಿದ್ದೆ. ತಲೆ ಮೇಲೆ ರೆಕ್ಕೆ ಸದ್ದಾತು, ಇಳಿದು ನೋಡ್ದೆ. ಬಸ್ಸು ಹೋತು. ಹಕ್ಕಿ ಬಂದ್ವು. ನಾನು ಹಿಂಜಿದ ಹತ್ತೀನೆಲ್ಲ ಯಾರೋ ಮೇಲಿಂದ ಸುರಿದಂಗೆ ಕಂಡಕ್ಟರ್ರೆ. ಮರಾನೇ ಕಾಣಲಿಲ್ಲ, ಬರೀ ಬಿಳಿ. ನೀವು ಬೆಲ್ ಹೊಡೀದಿದ್ರೆ ಅದನ್ನ ನೋಡ್ತಿದ್ನಾ? ಬರೋ ಸೋಮವಾರ ನೀವೂ ಉಳೀರಿ. ಬಸ್ಸು ಹೋದ್ರೆ ಹೋಗ್ಲಿ."

"ನಾನು ಇಳಿದು ವಾಪಸ್ ಬರಬೋದಿತ್ತು ಸಾಬ್ರೆ. ಕೂತುಬಿಟ್ಟೆ."

ಸಾಬರು ಕೈ ಚಾಚಿ, ಧರ್ಮಪ್ಪನವರ ನೋಯುವ ಮಂಡಿಯನ್ನು ಮೆಲ್ಲಗೆ ತಟ್ಟಿದರು.

ಸೋಮವಾರ ಬಂತು. ಸಾಬರಿಗೆ ದೇವರು ಕೊಟ್ಟ ಉಸಿರು ಅಷ್ಟೇ ಇತ್ತು; ಬೆಳಗಿನ ನಮಾಜಿನ ಹೊತ್ತಿಗೆ ಮುಗಿದಿತ್ತು. ಬೀದಿಯ ಜನ ಹತ್ತಿಯ ಧೂಳನ್ನು ದೂರಿದರು. ಧರ್ಮಪ್ಪನವರು ತಮ್ಮ ಬಲಗೈ ನೋಡಿಕೊಂಡರು. ಒಳಗಿನಿಂದ ಕುಬ್ರಾ ಬೀಯ ಅಳು ಕೇಳುತ್ತಿತ್ತು. ಸಾಬರನ್ನು ಮಲಗಿಸಿದ ಜನಾಜಾ ಹೆಗಲಿಗೇರಿತು. ಹೊತ್ತವರು ಹೆಜ್ಜೆ ಎತ್ತುವ ಹೊತ್ತಿಗೆ ಹಿಂದೆ ಯಾರೋ ಅಂಗಡಿಯ ಬಾಗಿಲು ಎಳೆದು ಮುಚ್ಚಿದರು. ಆ ಸದ್ದಿಗೆ ಧರ್ಮಪ್ಪನವರ ಬಲಗೈ ತಾನಾಗಿ ತಲೆಯ ಮೇಲಕ್ಕೆ ಎದ್ದಿತು. ಬೆರಳುಗಳು ಬರಿಗಾಳಿಯನ್ನು ಹಿಡಿದು, ಒಂದು ಸಲ, ಒಂದೇ ಸಲ ಎಳೆದವು.