ಕೆಂಪು ರಿಬ್ಬನ್

ಮೊಳಕ್ಕಿಂತ ಉದ್ದದ ಆ ಪ್ಲಾಸ್ಟಿಕ್ ಯುದ್ಧವಿಮಾನವನ್ನು ಅವನು ವರ್ಷವಿಡೀ ಊಟದ ಮೇಜಿನ ಮೇಲೆ ಜೋಡಿಸಿದ್ದ. ಕೇಳಿದ್ದು ಹೆಂಡತಿಯೇ. ಯುದ್ಧದಲ್ಲಿ ಹೊತ್ತಿ ಉರಿದು ಬಿದ್ದ ಅವಳ ಮೊದಲ ಗಂಡನ ವಿಮಾನದ ಮಾದರಿ ಅದು. ಆ ಪೈಲಟನನ್ನು ಕೊನೆಯ ಸಲ ಸೀಟಿಗೆ ಬಿಗಿದು ಕಳಿಸಿಕೊಟ್ಟ ಮೆಕ್ಯಾನಿಕ್ ಇವನೇ. ಎರಡು ವರ್ಷದ ಮೇಲೆ ಅವಳ ಕೈ ಹಿಡಿದವನೂ ಇವನೇ. ಹಜಾರದಲ್ಲಿದ್ದ ಮೊದಲ ಗಂಡನ ಫೋಟೋಕ್ಕೆ ಅವಳು ಹೂ ಏರಿಸುವುದನ್ನು ಅಂದಿನಿಂದ ದಿನಾ ನೋಡುತ್ತ ಬಂದವನು.

ಚಕ್ರ ಮಡಚಿಕೊಂಡು ಹಾರುತ್ತಿರುವಂತೆ ವಿಮಾನವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ. ರೆಕ್ಕೆಯ ಗೀರು, ಬಾಲದ ನಂಬರು, ಒಂದನ್ನೂ ಬಿಟ್ಟಿರಲಿಲ್ಲ. ಪೈಲಟ್ ಗೊಂಬೆ ಕೂತಿದ್ದ ಗಾಜಿನ ಗೂಡಿನೊಳಗೆ ಅವಳು ಇಣುಕಿದಳು.

"ಅಯ್ಯೋ, ಗೊಂಬೆಗೆ ಅವರ ಮೀಸೆನೂ ಬರೆದಿದೀರಲ್ರೀ!"

"ಇದ್ದ ಹಾಗೇ ಬೇಕು ಅಂದ್ಯಲ್ಲ."

"ಅವರ ಫೋಟೋ ಕೆಳಗೇ ಇಡೋಣ." ಕಣ್ಣೊರೆಸಿಕೊಂಡು ಮತ್ತೆ ಬಗ್ಗಿದಳು. ಈ ಸಲ ನಗು ಬಂತು. "ಒಂದು ತಪ್ಪು ಮಾಡಿದೀರಿ ನೋಡಿ. ಸೀಟಲ್ಲಿ ಈ ಕೆಂಪು ರಿಬ್ಬನ್ ಇದೆಯಲ್ಲ, ಪಿನ್ನಿಂದು ತಾನೆ? ಹಾರೋಕೆ ಮುಂಚೆ ಮೆಕ್ಯಾನಿಕ್ ಆ ಪಿನ್ ಕೀಳಲೇಬೇಕು, ಇಲ್ದಿದ್ರೆ ವಿಮಾನಕ್ಕೆ ಬೆಂಕಿ ಬಿದ್ರೂ ಸೀಟು ನಮ್ಮನ್ನ ಹೊರಗೆ ಚಿಮ್ಮಿಸಲ್ಲ ಅಂತ ಅವರು ಹೇಳ್ತಿದ್ರು."

"ಹೌದು, ಚಿಮ್ಮಿಸಲ್ಲ."

"ಮತ್ತೆ ಹಾರೋ ವಿಮಾನದಲ್ಲಿ ಯಾಕ್ರೀ ಬಿಟ್ರಿ?"

ಅವನು ಬಣ್ಣದ ಕುಂಚವನ್ನು ನಿಧಾನವಾಗಿ ಬಟ್ಟೆಗೆ ಒರೆಸಿದ.

"ಅವತ್ತು ಹೇಗಿತ್ತೋ ಹಾಗೇ ಮಾಡಿದೀನಿ."