ಬೆಲ್ಲ ನೀರು

ಸರ್ಕಾರಿ ಹಿಟ್ಟಿನಲ್ಲಿ ಸ್ನಾಯು ಕಟ್ಟುವ ಲೈಸಿನ್ ಎಂಬ ಅಮೈನೊ ಆಮ್ಲವನ್ನು ಬೇಕೆಂದೇ ಕಡಿಮೆ ಮಾಡಿದ ಮೇಲೆ ಕಾಲೊನಿಯಲ್ಲಿ ಯಾರೂ ಓಡುತ್ತಿರಲಿಲ್ಲ. ಸ್ನಾಯು ಸೊರಗಿ, ಕೊಬ್ಬು ತುಂಬಿ, ಜನ ಗೋಡೆ ಹಿಡಿದು ನಡೆಯುತ್ತಿದ್ದರು. ಮುಷ್ಕರದ ಮಾತೇ ಇರಲಿಲ್ಲ.

ನೀಲವ್ವ ಮಾತ್ರ ಲೈಸಿನ್ ತುಂಬಿದ ಹುರಳಿಯನ್ನು ಕದ್ದು ತಂದು ಬೇಯಿಸಿ ಮಗಳು ತಂಗೆವ್ವನಿಗೆ ಉಣಿಸುತ್ತಿದ್ದಳು. "ಮಂದಿ ಮುಂದ ಎಲ್ಲಾರ ಹಂಗ ನಿಧಾನಕ್ಕ ನಡೀಬೇಕು" ಎಂದು ದಿನವೂ ಹೇಳುತ್ತಿದ್ದಳು.

ಅಂದು ಕಳ್ಳಕಾಳಿನ ತಪಾಸಣೆಗೆ ಬಂದ ಸರ್ಕಾರಿ ಸಾಹೇಬ ಕುರ್ಚಿಯಲ್ಲಿ ಕುಸಿದು, "ಉಸ್ಸಪ್ಪಾ, ಏನ್ ಬಿಸಲವ್ವಾ" ಎಂದ.

ಮನೆಗೆ ಬಂದವರನ್ನು ನೀಲವ್ವ ಎಂದೂ ಬರಿಬಾಯಲ್ಲಿ ಕೂರಿಸಿದವಳಲ್ಲ. "ತಂಗೆವ್ವಾ, ಸಾಹೇಬ್ರಿಗೆ ಬೆಲ್ಲ ನೀರು ತಾ, ಲಗೂನ."

ಮಗಳು ಓಡಿದಳು. ಓಡಿಯೇ ಬಂದಳು.

ಸಾಹೇಬ ಬೆಲ್ಲ ಕಚ್ಚಿ, ನೀರನ್ನು ಪೂರ್ತಿ ಕುಡಿದು, ಲೋಟವನ್ನು ಮೆಲ್ಲಗೆ ಕೆಳಗಿಟ್ಟ.

"ಓಡೋರ್ನ ನೋಡಿ ಭಾಳ ವರ್ಷ ಆಗಿತ್ತು."

ಆಮೇಲೆ ತಾನೂ ಅವಳಂತೆಯೇ ಚಂಗನೆ ಎದ್ದು ಒಳಗಿನಿಂದ ಬಾಗಿಲ ಚಿಲಕ ಹಾಕಿದ.